ಮೂರು ಕಾಜಾ

"ರೊಟೇಟರ್ ಕಫ್ ಹರಿದಿದೆ" ಅಂದರು ಡಾಕ್ಟರು.
ಕಫ್ ನನಗೆ ಗೊತ್ತು.
ಶರ್ಟಿನ ಕಾಲದಲ್ಲಿ ಐದು ವರ್ಷ ಬರೀ ಕಫ್ ಹಚ್ಚಿದವನು,
ಒಂದೂ ವಾಪಸ್ ಬಂದಿಲ್ಲ.
ನನ್ನದೇ ಹೆಗಲೊಳಗೆ
ಯಾರೋ ಹಚ್ಚಿದ ಕಫ್ ಒಂದಿತ್ತು ಅನ್ನುವುದು
ನಲವತ್ತೊಂಬತ್ತನೇ ವರ್ಷಕ್ಕೆ ತಿಳಿಯಿತು.

ಅದಕ್ಕೂ ಮುಂಚೆ ಒಂದೂವರೆ ವರ್ಷ
ವಾಯುವಿನ ನೋವು ಅಂದುಕೊಂಡಿದ್ದೆ.
ಕೌಲ್ ಬಜಾರಿನ ಓಣಿ,
ನೀಲಿ ನೀರಿನ ಮೋರಿ ದಾಟಿ ದಿನಾ ಹತ್ತಕ್ಕೆ ಶೆಡ್ಡು.
ಡೆನಿಮ್ ಥಾನಿನ ಒಂದು ತುದಿ ನನ್ನ ಹೆಗಲಿಗೆ,
ಕಟಿಂಗ್ ಟೇಬಲ್ಲಿಗೆ ಧೊಪ್ಪನೆ,
ಅರವತ್ತು ಪದರ ಹಾಸಿ
ಮೆಷಿನ್ನು ನೂಕುತ್ತ ನೂಕುತ್ತ
ಸಂಜೆಗೆ ಸಾವಿರ ಕಾಲು ಕೊಯ್ದವನಿಗೆ
ರಾತ್ರಿ ಒಂದು ಮಗ್ಗುಲು ಇಲ್ಲ.
ಬಲಕ್ಕೆ ಹೊರಳಿದರೆ ಒಳಗೆ ಸೂಜಿ ಮುರಿದ ಹಾಗೆ.
ಅಂಗಿಗೆ ಕೈ ಹಾಕಲು ಹುಲಿಗೆಮ್ಮ ಬೇಕು,
ಬಾಚಣಿಗೆಗೆ ತಲೆಯೇ ಬಗ್ಗಿ ಬರಬೇಕು.
ಮೋಕಾದ ಕಡೆಯವನೊಬ್ಬ ತತ್ತಿ ಹಚ್ಚಿ ಬಿದಿರು ಕಟ್ಟಿದ:
ವಾಸನೆ ಬಂತು, ಕೈ ಬರಲಿಲ್ಲ.

ಇನ್ನೊಂದು ಹೇಳಬೇಕು.
ನಮ್ಮ ಶೆಡ್ಡಿನಲ್ಲಿ ಹರಿಯುವುದೂ ಒಂದು ಕೆಲಸ.
ಮೌಲಾ ಅಂತ ಹುಡುಗ, ಮೊಣಕಾಲಿಗೆ ಬ್ಲೇಡು ಎಳೆದು
ಉಜ್ಜಿ, ಬಿಳಿ ಎಳೆ ಎಬ್ಬಿಸಿ ಜೋತುಬಿಡುತ್ತಾನೆ.
ಹರಿದದ್ದಕ್ಕೆ ಪೀಸಿಗೆ ನಲವತ್ತು ರೂಪಾಯಿ ಹೆಚ್ಚು.
ನನ್ನ ಎಂಆರ್‌ಐ ಫಿಲ್ಮು ಟ್ಯೂಬ್‌ಲೈಟಿಗೆ ಹಿಡಿದು
"ಮಾಸ್ಟರ್, ನಿಮ್ದೂ ರಫ್ ಪೀಸ್ ಆಗೇತ್ರಿ" ಅಂದ.
ಬೈಯಬೇಕೆನಿಸಿತು. ನಕ್ಕೆ. ನಕ್ಕರೂ ನೋವು.

ಆಪರೇಶನ್ ಅಂದರೆ ಉದ್ದಕ್ಕೆ ಕೊಯ್ಯುವುದು ಅಂದುಕೊಂಡಿದ್ದೆ.
ಬಿಚ್ಚದೆ ಒಳಹೊಲಿಗೆ ಕಾಣುವುದು ಹೇಗೆ?
ಡಾಕ್ಟರ್ ನಾಗವೇಣಿ, ನನ್ನ ತಂಗಿಯ ವಯಸ್ಸು,
ಪೆನ್ನಿನಲ್ಲಿ ಹೆಗಲ ಮೇಲೆ ಗುರುತು ಹಾಕಿದರು.
ಮೂರು ತೂತು. ಅರ್ಧರ್ಧ ಇಂಚು.
"ಕಾಜಾ" ಅಂದೆ.
"ಏನಂದ್ರಿ?"
"ಗುಂಡಿ ಹಾಕೋ ತೂತ್ರಿ, ಮೇಡಂ."
"ಹೂಂ, ಕಾಜಾನೇ. ಒಂದರಾಗ ಕ್ಯಾಮೆರಾ,
ಉಳಿದದ್ದರಾಗ ನಮ್ಮ ಸೂಜಿ."

ಕತ್ತಿನ ಬುಡಕ್ಕೆ ಚುಚ್ಚಿ ಕೈ ಮಲಗಿಸಿದರು.
ಎಡಗೈಯಿಂದ ಮುಟ್ಟಿ ನೋಡಿದೆ:
ಬೆಚ್ಚಗಿತ್ತು, ಭಾರವಿತ್ತು, ನನ್ನದಾಗಿರಲಿಲ್ಲ.
ಯಾರದೋ ಆರ್ಡರಿನ ಕೈ.
ಆಮೇಲೆ ನನ್ನನ್ನೂ ಮಲಗಿಸಿದರು.

ವಿಡಿಯೋ ತೋರಿಸಿರೆಂದು ಕಾಡಿದೆ.
ಹೊಲಿಗೆ ಬಿಚ್ಚುವ ದಿನ ತೋರಿಸಿದರು.
ನೀರು ತುಂಬಿದ ಗವಿ, ಸುಣ್ಣ ಬಳಿದಂಥ ಮೂಳೆ,
ಪಿಸಿದ ಅಂಚಿನ ಹಾಗೆ ಅಲ್ಲಾಡುವ ಬಿಳಿ ಎಳೆಗಳು,
ಮೌಲಾನ ಕೈಕೆಲಸವೇ.
ಮೂಳೆಗೆ ಎರಡು ರಿವೆಟ್
(ಅವರು ಆ್ಯಂಕರ್ ಅನ್ನುತ್ತಾರೆ),
ಅದರ ಬಾಲಕ್ಕೆ ನೀಲಿ ದಾರ.
ನೀಲಿ! ನಮ್ಮಲ್ಲಿ ಬಟ್ಟೆ ನೀಲಿ, ದಾರ ಕಿತ್ತಳೆ.
ಹರಿದ ಅಂಚು ಹಿಡಿದು, ಚುಚ್ಚಿ, ಎಳೆದು
ಮೂಳೆಗೆ ಒತ್ತಿ ಗಂಟು.
ಉಸಿರು ಹಿಡಿದು ನೋಡಿದೆ. ತಪ್ಪು ಹುಡುಕಿದೆ.
"ಹೊಲಿಗಿ ಚಲೋ ಐತ್ರಿ ಮೇಡಂ,
ರಿವರ್ಸ್ ಒಂದು ಹಾಕಬೇಕಿತ್ತು."
ಅವರು ನಗಲಿಲ್ಲ. ವಿಡಿಯೋ ಹಿಂದಕ್ಕೆ ಎಳೆದು
ಗಂಟಿನ ಮೇಲಿನ ಗಂಟು ತೋರಿಸಿದರು.
ತಲೆ ತಗ್ಗಿಸಿದೆ,
ಒಬ್ಬ ಟೇಲರು ಇನ್ನೊಬ್ಬ ಟೇಲರಿಗೆ ತಗ್ಗಿಸುವಷ್ಟು.

ಆರು ವಾರ ಕೈ ಜೋಳಿಗೆಯಲ್ಲಿ.
ಒಗ್ಗರಣೆ ಮಂಡಕ್ಕಿ ಎಡಗೈಲಿ,
ಮಿರ್ಚಿ ಹುಲಿಗೆಮ್ಮನ ಕೈಲಿ.
ಆಮೇಲೆ ಗೋಡೆ.
ಎರಡು ಬೆರಳು ಇರುವೆಯ ಹಾಗೆ ಗೋಡೆ ಹತ್ತಬೇಕು,
ಹೆಗಲು ಹಿಂದೆ ಬರಬೇಕು.
ಎಲ್ಲಿಗೆ ನಿಂತಿತೋ ಅಲ್ಲಿ ಟೇಲರ್ ಚಾಕಿನ ಗೀಟು.
ಮೊದಲ ಗೀಟು ಸ್ವಿಚ್‌ಬೋರ್ಡಿನ ಕೆಳಗೆ.
ಯುಗಾದಿಗೆ ಕ್ಯಾಲೆಂಡರಿನ ಮೊಳೆ.
ನಡುವೆ ಒಂದು ವಾರ ಗೀಟು ಕೆಳಗಿಳಿದದ್ದೂ ಇದೆ,
ಅದನ್ನು ಅಳಿಸಿಲ್ಲ.

ಥಾನು ಇನ್ನು ಎತ್ತುವ ಹಾಗಿಲ್ಲ.
ಮಾಲೀಕರು ಗುಂಡಿ ಎಣಿಸುವ ಸ್ಟೂಲು ಕೊಟ್ಟಿದ್ದಾರೆ.
ಬೇರೆಯವರ ಕೈಯಲ್ಲಿ ಕಟಿಂಗ್ ಮೆಷಿನ್ನು
ಚೂರು ಎಡಕ್ಕೆ ಸರಿಯುವುದು
ಕೂತಲ್ಲೇ ಕೇಳಿಸುತ್ತದೆ, ಸದ್ದಿನಲ್ಲಿ.
ಸುಮ್ಮನಿರುತ್ತೇನೆ, ಒಮ್ಮೊಮ್ಮೆ.

ಗೋಡೆಗೆ ಸುಣ್ಣ ಹೊಡೆಸೋಣ ಅಂತಾಳೆ ಹುಲಿಗೆಮ್ಮ.
ಮೊಳೆಯ ಮೇಲೆ ಇನ್ನೂ ನಾಲ್ಕು ಬೆರಳು ಜಾಗ ಇದೆ,
ಸ್ವಲ್ಪ ತಡಿ ಅಂದಿದ್ದೇನೆ.